ಗಾಡಿಯಲ್ಲಿ ಮಲಗಿದವಳು

ಹನ್ನೆರಡಕ್ಕೆ ಇನ್ನೂ ಹೊತ್ತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವನು ಫೋನನ್ನು ಮೇಜಿನ ಅಂಚಿನಲ್ಲಿ ಬೋರಲಾಗಿಟ್ಟ. ಮತ್ತೆ ಎತ್ತಿ ನೋಡಿದ. ಮತ್ತೆ ಬೋರಲಾಗಿಟ್ಟ.

ಮೇಜು ಒರೆಸುವುದು ಅವನ ಭಾನುವಾರದ ಮೊದಲ ಕೆಲಸ. ಮೇಜಿನ ತುಂಬ ದಪ್ಪ ಕಾಗದದ ನಕ್ಷೆ ಹಾಸಿದ್ದರಿಂದ ಒರೆಸಲು ಉಳಿದದ್ದು ಅಂಚು ಮಾತ್ರ. ಅದನ್ನೇ ಒರೆಸಿದ್ದು ಒರೆಸಿದ್ದೇ. ನಕ್ಷೆಯಲ್ಲಿ ಅವನೇ ಪೆನ್ಸಿಲಿನಿಂದ ಬಿಡಿಸಿದ ಕಾಡು, ಪಾಳು ಕೋಟೆ, ಒಂದು ನದಿ, ನದಿಗೊಂದು ಹಗ್ಗದ ಸೇತುವೆ. ಸೇತುವೆಯ ಈಚೆ ದಡದಲ್ಲಿ ಬೆಂಕಿಪೊಟ್ಟಣ ಕತ್ತರಿಸಿ ಮಾಡಿದ ಗಾಡಿ. ಗಾಡಿಯ ಪಕ್ಕದಲ್ಲಿ ಬೆರಳುದ್ದದ ಮೂರು ಮರದ ಗೊಂಬೆಗಳು ನಿಂತಿದ್ದವು. ನಾಲ್ಕನೆಯದು ಗಾಡಿಯೊಳಗೆ ಮಲಗಿತ್ತು. ಅದರ ಮುಖದ ಮೇಲೆ ಧೂಳು ಕೂತಿತ್ತು. ಅವನು ಬಗ್ಗಿ ಮೆಲ್ಲಗೆ ಊದಿದ. ಬೆರಳು ತಾಗಿಸಲಿಲ್ಲ.

ಅದು ಅವನ ಹೆಂಡತಿಯ ಗೊಂಬೆ. ಒಬ್ಬರ ಗೊಂಬೆಯನ್ನು ಇನ್ನೊಬ್ಬರು ಮುಟ್ಟಬಾರದು ಎನ್ನುವುದು ಈ ಮೇಜಿನ ನಿಯಮ. ನಿಯಮ ಬರೆದವನಿಗೂ ಅದರಿಂದ ವಿನಾಯಿತಿ ಇರಲಿಲ್ಲ.

ಆಟ ಅಂದರೆ ಗೆಲ್ಲುವ ಸೋಲುವ ಆಟವಲ್ಲ. ತಲೆ ನರೆತ, ಮೊಣಕಾಲು ನೋಯುವ ವಯಸ್ಸಿನ ನಾಲ್ಕೈದು ಜನ ಭಾನುವಾರ ಸಂಜೆ ಮೇಜಿನ ಸುತ್ತ ಕೂತು ಒಂದು ಕಥೆ ಕಟ್ಟುತ್ತಿದ್ದರು, ಅಷ್ಟೇ. ಒಬ್ಬ ಲೋಕವನ್ನು ಹೇಳಬೇಕು: ಮುಂದೆ ನದಿ ಇದೆ, ಗಾಳಿ ಎದ್ದಿದೆ, ಸೇತುವೆ ಹಳೆಯದು. ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆ, ಏನು ಅನ್ನುತ್ತದೆ ಎಂದು ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಉರುಳಿಸಬೇಕು. ಲೋಕ ಹೇಳುವವನು ಇವನು. ಅದಕ್ಕೇ ಎಲ್ಲರೂ ಇವನನ್ನು ಯಜಮಾನ್ರು ಎಂದು ಚುಡಾಯಿಸುತ್ತಿದ್ದರು. ಚುಡಾಯಿಸಿ ಚುಡಾಯಿಸಿ ಅದೇ ಹೆಸರಾಗಿಬಿಟ್ಟಿತ್ತು.

ಕಚೇರಿಯಲ್ಲೂ ಅವನದು ಇಂಥದೇ ಕಸುಬು. ಸಂಘ ಸಂಸ್ಥೆಗಳಿಗೆ ನಿಯಮಾವಳಿ ಬರೆದುಕೊಡುವುದು: ಸಭೆಯಲ್ಲಿ ಯಾರು ಮೊದಲು ಮಾತಾಡಬೇಕು, ಎಷ್ಟು ಹೊತ್ತು ಮಾತಾಡಬೇಕು, ನಡುವೆ ಯಾರಾದರೂ ಎದ್ದು ಹೋದರೆ ಏನು ಮಾಡಬೇಕು. ಕಾನೂನು ಓದಿದ್ದ. ವಾದ ಮಾಡಲು ಬಾಯಿ ಬರದೆ ಬರವಣಿಗೆಗೆ ಇಳಿದವನು. ಎದ್ದು ಹೋಗುವವರ ಬಗ್ಗೆ ಅವನಷ್ಟು ಅಚ್ಚುಕಟ್ಟಾಗಿ ಬರೆಯುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಈ ಮೇಜಿಗೂ ಬರೆದಿದ್ದ. ಬರಲಾಗದವರು ಹನ್ನೆರಡರೊಳಗೆ ಯಜಮಾನನಿಗೆ ತಿಳಿಸಬೇಕು. ತಿಳಿಸಿದರೆ ಅವರ ಪಾತ್ರ ಆ ದಿನ ಗಾಡಿಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ಕಳ್ಳರು ಬರಲಿ, ಪ್ರವಾಹ ಬರಲಿ, ಮಲಗಿದವರ ಒಂದು ಕೂದಲೂ ಕೊಂಕುವುದಿಲ್ಲ. ತಿಳಿಸದೆ ತಪ್ಪಿಸಿಕೊಂಡರೆ ಆ ಪಾತ್ರವನ್ನು ಏನು ಮಾಡಬೇಕೆಂಬುದು ಉಳಿದವರ ತೀರ್ಮಾನ.

ಹೆಂಡತಿ ಮನೆ ಬಿಟ್ಟು ಬೇಸಿಗೆ ಕಳೆದಿತ್ತು. ಅಂದಿನಿಂದ ಒಂದು ಭಾನುವಾರವೂ ತಪ್ಪದೆ, ಬೆಳಗಿನ ಹೊತ್ತಿಗೆ, ಅವಳಿಂದ ಒಂದು ಸಾಲು ಬರುತ್ತಿತ್ತು: ‘ಇವತ್ತು ಬರೋಕಾಗಲ್ಲ.’ ಹೇಗಿದ್ದೀಯ ಎಂದಿಲ್ಲ, ತಿಂದೆಯಾ ಎಂದಿಲ್ಲ. ಅವನಿಗೆ ಅದು ಸಾಕಾಗಿತ್ತು. ಇವತ್ತು ಆಗಲ್ಲ ಎನ್ನುವವರು ಮುಂದೊಂದು ದಿನ ಆಗಬಹುದು ಎನ್ನುವವರೇ ಅಲ್ಲವೇ? ವಾರವಿಡೀ ಅವನು ಬದುಕುತ್ತಿದ್ದದ್ದು ಆ ಒಂದು ಸಾಲಿಗೆ. ಇದನ್ನು ಯಾರಾದರೂ ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಯಾರೂ ಕೇಳಲಿಲ್ಲ.

ಗೋಡೆ ಗಡಿಯಾರದ ಎರಡು ಮುಳ್ಳೂ ಒಂದಾದವು. ಗಡಿಯಾರ ಸ್ವಲ್ಪ ಮುಂದಿದೆ ಎಂದುಕೊಂಡ. ಫೋನು ತಿರುಗಿಸಿದ. ಅದೂ ಅದೇ ಹೇಳಿತು. ಸಂದೇಶ ಬಂದಿರಲಿಲ್ಲ. ಮತ್ತೆ ಬೋರಲಾಗಿಟ್ಟ.

ಬಟ್ಟೆ ಹಿಂಡಿ ಕಿಟಕಿಯ ಸರಳಿಗೆ ಒಣಹಾಕಿದ. ಎದುರು ಮನೆಯ ಮಹಡಿಯಲ್ಲಿ ಯಾರೋ ಕಂಬಳಿ ಕೊಡವುತ್ತಿದ್ದರು. ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿರಬೇಕು. ಅವಳು ಅಲ್ಲಿ ಎಕ್ಸ್-ರೇ ತೆಗೆಯುವವಳು. ಮೂಳೆ ಮುರಿದುಕೊಂಡವರು ಭಾನುವಾರ ಎಂದು ಸುಮ್ಮನಿರುತ್ತಾರೆಯೇ? ಉಸಿರು ಹಿಡಿದುಕೊಳ್ಳಿ, ಅಲ್ಲಾಡಬೇಡಿ, ಈಗ ಬಿಡಿ ಎಂದು ಅವಳು ಯಾರಿಗೋ ಹೇಳುತ್ತಿರುವುದು ಕೇಳಿಸಿದಂತಾಯಿತು. ಅವನು ಹಿಡಿದ ಉಸಿರು ಬಿಟ್ಟ.

ಐದು ಕುರ್ಚಿ ಹಾಕಿದ. ಒಂದನ್ನು ತೆಗೆದು ಗೋಡೆಗೆ ಒರಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಂದು ಹಾಕಿದ.

*

ಮೊದಲು ಬಂದವನು ಸ್ಪ್ಯಾನರ್. ಲಿಫ್ಟು ರಿಪೇರಿ ಮಾಡುವವನು, ಕಾಲೇಜಿನ ಕಾಲದ ಗೆಳೆಯ. ಕಥೆಯಲ್ಲಿ ಅವನದು ಕಳ್ಳನ ಪಾತ್ರ. ಅವನ ಹಿಂದೆಯೇ ಹಲ್ಲಿನ ಡಾಕ್ಟರು, ಕಥೆಯಲ್ಲಿ ಸನ್ಯಾಸಿ. ಆಮೇಲೆ ಅಕ್ಕ. ಯಜಮಾನನ ಒಡಹುಟ್ಟಿದ ಅಕ್ಕ, ಲೈಬ್ರರಿಯಲ್ಲಿ ಕೆಲಸ, ಜೋರಾಗಿ ಮಾತಾಡಿದವರನ್ನು ಕನ್ನಡಕದ ಮೇಲಿಂದ ನೋಡಿಯೇ ಸುಮ್ಮನಾಗಿಸುವವಳು. ಕಥೆಯಲ್ಲಿ ಅವಳು ಮುದಿ ಸೇನಾಪತಿ.

ಮೂವರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದಿದ್ದರು. ಕೆಳಗೆ ನಿಂತು ಮಾತಾಡಿಕೊಂಡು ಬಂದಿದ್ದಾರೆ ಎಂದು ಅವನಿಗೆ ಅನ್ನಿಸಿತು. ಬಾಗಿಲು ತೆರೆದ ಕೂಡಲೇ ಮೂವರ ಮುಖದಲ್ಲೂ ಒಂದೇ ಥರದ ನಗು ಇತ್ತು.

“ಚಹಾ ಇದೆಯೋ, ನಿಯಮ ಮಾತ್ರಾನೋ?” ಎಂದರು ಡಾಕ್ಟರು.

“ಎರಡೂ ಇದೆ.”

ಚಹಾ ಬಂತು. ಬಿಸ್ಕತ್ತು ಬಂತು. ಸ್ಪ್ಯಾನರ್ ಐದನೆಯ ಕುರ್ಚಿಯನ್ನು ನೋಡಿ, ನೋಡದವನ ಹಾಗೆ ಅದರ ಮೇಲೆ ತನ್ನ ಚೀಲ ಇಟ್ಟ. ಅಕ್ಕ ಚೀಲವನ್ನು ಎತ್ತಿ ನೆಲಕ್ಕಿಟ್ಟಳು.

“ಅವಳು?” ಎಂದಳು.

“ಡ್ಯೂಟಿ.”

“ತಿಳಿಸಿದ್ಲಾ?”

ಇಷ್ಟು ದಿನ ಅಕ್ಕ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಸಕ್ಕರೆ ಹಾಕಿ ಕಲಸಿದ.

“ಹೂಂ. ಬೆಳಿಗ್ಗೆನೇ.”

ಅವನು ಈ ಮೇಜಿನಲ್ಲಿ ಹೇಳಿದ ಮೊದಲ ಸುಳ್ಳು ಅದು. ದಾಳ ಓರೆಯಾಗಿ ನಿಂತರೂ ಮತ್ತೆ ಉರುಳಿಸಿ ಎನ್ನುವವನು ಅವನು. ಡಾಕ್ಟರು ಅಕ್ಕನ ಕಡೆ ನೋಡಿದರು. ಸ್ಪ್ಯಾನರ್ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವವರೆಗೂ ಹಾಗೇ ಹಿಡಿದಿದ್ದ.

ಇವರಿಗೆ ಗೊತ್ತು, ಎಂದುಕೊಂಡ ಅವನು. ಬಾಯಿಬಿಟ್ಟು ಕೇಳಿಬಿಡಲಿ, ಇಲ್ಲಿಂದಾಚೆಗಾದರೂ ಇದು ಮುಗಿಯಲಿ ಎಂದು ಮನಸ್ಸು ಹಾತೊರೆಯಿತು. ಕೇಳದಿರಲಿ ಎಂದು ಅದೇ ಮನಸ್ಸು ದೇವರಿಗೆ ಕೈಮುಗಿಯಿತು.

“ಸರಿ, ಶುರು ಮಾಡೋಣ,” ಎಂದ.

ಮೇಜಿನ ನಡುವೆ ಕೆಂಪು ಕಾರ್ಡು ಇಟ್ಟ. ಅದೂ ಒಂದು ನಿಯಮ. ಕಥೆ ಯಾರಿಗಾದರೂ ತಾಳಲಾರದಷ್ಟು ಹತ್ತಿರ ಬಂದರೆ ಅವರು ಕಾರ್ಡಿನ ಮೇಲೆ ಬೆರಳಿಡಬಹುದು. ಇಟ್ಟ ಕೂಡಲೇ ಆ ಪ್ರಸಂಗ ಅಲ್ಲಿಗೇ ಬಿಟ್ಟುಹೋಗುತ್ತದೆ. ಅಲ್ಲಿ ಆಡಿದ ಮಾತು ಆಡದ ಹಾಗೆ. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ, ಮೇಜಿನ ಮೇಲೂ ಇಲ್ಲ, ಹೊರಗೂ ಇಲ್ಲ. ಕಾರ್ಡು ಬಿದ್ದ ಜಾಗಕ್ಕೆ ಕಥೆ ಮತ್ತೆ ಕಾಲಿಡುವುದಿಲ್ಲ. ಬರೆದಾಗ ಅವನಿಗೆ ಬಹಳ ಹೆಮ್ಮೆಯಾಗಿತ್ತು. ಜಗತ್ತಿನ ಅರ್ಧ ನೋವು ಯಾಕೆ ಎಂದು ಕೇಳುವವರಿಂದಲೇ ಬರುವುದು ಎಂದು ಆಗ ಭಾಷಣವನ್ನೇ ಮಾಡಿದ್ದ. ಹೆಂಡತಿ ಕೆನ್ನೆಗೆ ಕೈಕೊಟ್ಟು ಕೇಳಿದ್ದಳು.

*

“ಎದುರಿಗೆ ಸೇತುವೆ,” ಎಂದು ಶುರು ಮಾಡಿದ. “ಹಗ್ಗ ಹಳೆಯದು. ಹಲಗೆಗಳ ನಡುವೆ ನೀರು ಕಾಣ್ತಾ ಇದೆ. ಹಿಂದೆ ಬೆನ್ನಟ್ಟಿದವರ ಪಂಜು ಕಾಣ್ತಿದೆ. ದಾಟಬೇಕು.”

“ಗಾಡಿ ಸಮೇತನಾ?” ಎಂದ ಸ್ಪ್ಯಾನರ್.

“ಗಾಡಿ ಸಮೇತ.”

“ಭಾರ ತಡೆಯುತ್ತಾ?”

“ನೀನೇ ಪರೀಕ್ಷೆ ಮಾಡು.”

ಸ್ಪ್ಯಾನರ್ ದಾಳ ಉರುಳಿಸಿದ. ಕಡಿಮೆ ಬಿತ್ತು. “ಗೊತ್ತಾಗಲ್ಲ,” ಎಂದ ಯಜಮಾನ. “ತಡೆದರೂ ತಡೆದೀತು.”

“ನನ್ನ ಕಸುಬಲ್ಲಿ ಹೀಗಂದ್ರೆ ಜೈಲಿಗೆ ಹಾಕ್ತಾರೆ,” ಎಂದು ಸ್ಪ್ಯಾನರ್ ಗಾಡಿಯನ್ನು ಸೇತುವೆಯ ಮೇಲೆ ತಳ್ಳಿದ. ಗಾಡಿಯನ್ನು ಯಾರು ಬೇಕಾದರೂ ತಳ್ಳಬಹುದಿತ್ತು. ಮಲಗಿದ ಗೊಂಬೆ ಒಳಗೆ ಸ್ವಲ್ಪ ಹೊರಳಿತು. ಯಜಮಾನನ ಕೈ ತಾನಾಗಿ ಮುಂದೆ ಹೋಗಿ, ನಿಯಮ ನೆನಪಾಗಿ, ಚಹಾ ಲೋಟ ಹಿಡಿಯಿತು.

ಮೊದಲು ಅವನು ಹೀಗಿರಲಿಲ್ಲ. ಆಟದ ಮೊದಲ ದಿನಗಳಲ್ಲಿ ಎಲ್ಲರ ಮಾತನ್ನೂ ಅವನೇ ಮುಗಿಸಿಬಿಡುತ್ತಿದ್ದ, ಅದರಲ್ಲೂ ಅವಳದನ್ನು. ಅವಳದು ದಾರಿ ತೋರುವವಳ ಪಾತ್ರ. ಅವಳು “ನಾನು ಈ ದಾರಿ ಬಿಟ್ಟು...” ಎನ್ನುವಷ್ಟರಲ್ಲಿ ಇವನು “ಬಲಕ್ಕೆ ಹೋಗ್ತೀನಿ ಅಂತಾಳೆ” ಎಂದು ಕಥೆಯನ್ನು ಬಲಕ್ಕೆ ತಿರುಗಿಸಿ ಆಗಿರುತ್ತಿತ್ತು. ಒಂದು ದಿನ ಅವಳು ದಾಳವನ್ನು ಮುಷ್ಟಿಯಲ್ಲಿ ಹಿಡಿದು, ಎಲ್ಲರೆದುರಿಗೆ, “ನನ್ನವಳ ಬಾಯಿ ನನಗೆ ಬಿಡು” ಎಂದಿದ್ದಳು. ನಗುತ್ತಲೇ ಅಂದಿದ್ದಳು. ಆದರೆ ಮುಷ್ಟಿ ಸಡಿಲಿಸಿರಲಿಲ್ಲ.

ಆ ವಾರವೇ ಅವನು ನಿಯಮ ಬರೆದ: ಒಬ್ಬರ ಪಾತ್ರದ ಮಾತನ್ನು ಇನ್ನೊಬ್ಬರು ಆಡಕೂಡದು, ಒಬ್ಬರ ಗೊಂಬೆಯನ್ನು ಇನ್ನೊಬ್ಬರು ಮುಟ್ಟಕೂಡದು. ಬರೆದದ್ದು ಮೇಜಿಗಾದರೂ ಪಾಲಿಸಿದ್ದು ಮನೆಯಲ್ಲೂ. ಅವಳು ಊಟದ ನಡುವೆ ಏನೋ ಹೇಳಲು ಹೊರಟು ನಿಲ್ಲಿಸುತ್ತಿದ್ದಳು. ಅವನೇನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಅವಳು ಮುಗಿಸಲಿ ಎಂದು ಅವನು ಕಾಯುತ್ತಿದ್ದ. ಅನ್ನ ಆರುತ್ತಿತ್ತು. ತಾನೆಷ್ಟು ಬದಲಾಗಿದ್ದೇನೆ ಎಂದು ಅವನಿಗೆ ಒಳಗೊಳಗೇ ಖುಷಿ.

ಹೋಗುವ ದಿನ ಅವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದಳು. “ನಾನು ಸ್ವಲ್ಪ ದಿನ ಆಸ್ಪತ್ರೆ ಕ್ವಾರ್ಟರ್ಸ್‌ನಲ್ಲಿ ಇರ್ತೀನಿ,” ಎಂದಳು. ಯಾಕೆ ಎಂದು ಕೇಳಬಾರದು ಎಂದು ಅವನಿಗೆ ಗೊತ್ತಿತ್ತು. ಕೇಳದಿರುವುದೇ ಮರ್ಯಾದೆ. “ಛತ್ರಿ ತಗೊಂಡ್ಯಾ?” ಎಂದ. ಅವಳು ಅವನ ಮುಖವನ್ನೇ ನೋಡಿದಳು. ಬೆಳಕಿಗೆ ಹಿಡಿದು ಮುರಿತ ಹುಡುಕುವ ನೋಟ ಅದು. ಆಮೇಲೆ ಚಿಲಕ ತೆಗೆದಳು.

“ಯಜಮಾನ್ರೇ,” ಎಂದರು ಡಾಕ್ಟರು. “ಎಲ್ಲಿಗೆ ಹೋದ್ರಿ? ನಾವು ನಡು ಸೇತುವೆಯಲ್ಲಿದೀವಿ.”

“ಗಾಳಿ,” ಎಂದ ಅವನು ತಡವರಿಸಿ. “ಗಾಳಿ ಜೋರಾಯ್ತು. ಒಂದು ಹಗ್ಗ ಕಿತ್ತುಬಂತು.”

ಸ್ಪ್ಯಾನರ್ ಮತ್ತೆ ದಾಳ ಉರುಳಿಸಿದ. ಮತ್ತೆ ಕಡಿಮೆ. ಅವನು ತನ್ನ ಕಳ್ಳನನ್ನು ಎತ್ತಿ ಆಚೆ ದಡಕ್ಕೆ ಇಟ್ಟ. “ನಾನು ಹಾರಿದೆ.” ಡಾಕ್ಟರು ಸನ್ಯಾಸಿಯನ್ನು ಇಟ್ಟರು. “ನಾನೂ.” ಅಕ್ಕ ಮುದಿ ಸೇನಾಪತಿಯನ್ನು ನಿಧಾನವಾಗಿ ನಡೆಸಿಕೊಂಡು ಹೋಗಿ ದಡ ಮುಟ್ಟಿಸಿದಳು.

ಗಾಡಿ ಒಂದೇ ಉಳಿಯಿತು. ಅವನು ಹೇಳಿದ ಲೋಕವೇ ಅದು. ಬೇಕಿದ್ದರೆ ಗಾಳಿ ನಿಲ್ಲಿಸಬಹುದಿತ್ತು. ನಾಲಗೆ ಹೊರಳಲಿಲ್ಲ.

“ಗಾಡೀಲಿ ಅವಳಿದಾಳೆ,” ಎಂದಳು ಅಕ್ಕ.

“ಮಲಗಿರೋರಿಗೆ ಏನೂ ಆಗಲ್ಲ. ನಿಯಮ ಇದೆ.”

“ಏನೂ ಆಗಲ್ಲ, ಸರಿ. ಆದ್ರೆ ಎಷ್ಟು ದಿನ ಅಂತ ಮಲಗಿಸಿಕೊಂಡು ಎಳ್ಕೊಂಡು ಹೋಗ್ತೀಯ? ಎಬ್ಬಿಸಿ ಕೇಳೋಣ. ಬರ್ತೀಯೋ ಇಲ್ಲಿಂದ ಬೇರೆ ದಾರಿ ಹಿಡೀತೀಯೋ ಅಂತ.”

“ಅವಳಿಲ್ಲದೆ ಯಾರು ಹೇಳ್ತಾರೆ?”

“ಅವಳು ಆಗ್ಲೇ ಹೇಳಿದ್ರೆ?”

ಬಾಯಿ ತೆರೆಸುವುದೇ ಕಸುಬಾದ ಡಾಕ್ಟರು ತಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಸ್ಪ್ಯಾನರ್ ದಾಳವನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

“ಒಂದು ಒಳ್ಳೆ ಬೀಳ್ಕೊಡುಗೆ ಮಾಡೋಣ ಕಣೋ,” ಎಂದ ಸ್ಪ್ಯಾನರ್, ನಕ್ಷೆಗೆ ಹೇಳುವವನಂತೆ. “ದಾರಿ ತೋರಿಸಿದವಳು. ಚೆನ್ನಾಗಿ ಕಳಿಸೋಣ. ನಾವೆಲ್ಲ ಒಂದೊಂದು ಮಾತು ಹೇಳಿ.”

ಆಗ ಅವನಿಗೆ ಎಲ್ಲ ತಿಳಿಯಿತು. ಕೆಳಗೆ ನಿಂತು ಮಾತಾಡಿಕೊಂಡದ್ದು ಇದನ್ನೇ. ಅವಳು ಅಕ್ಕನಿಗೆ ಹೇಳಿದ್ದಾಳೆ. ಇನ್ನು ಬರುವುದಿಲ್ಲ ಎಂದು, ಇನ್ನು ತಿಳಿಸುವುದೂ ಇಲ್ಲ ಎಂದು. ಎದುರಿಗೆ ಹೇಳಲು ಧೈರ್ಯ ಸಾಲದೆ ಇವರು ಮೂವರೂ ಸನ್ಯಾಸಿ, ಕಳ್ಳ, ಸೇನಾಪತಿಯಾಗಿ ಹೇಳಲು ಬಂದಿದ್ದಾರೆ. ಪಾಪ, ಪ್ರೀತಿಯಿಂದಲೇ ಬಂದಿದ್ದಾರೆ. ಆ ಪ್ರೀತಿಗೆ ಅವನ ಮೈಯೆಲ್ಲ ಉರಿಯಿತು.

“ಎದ್ದೇಳಮ್ಮ,” ಎಂದಳು ಅಕ್ಕ ಗಾಡಿಯ ಕಡೆ ಬಗ್ಗಿ. ಅದು ಸೇನಾಪತಿಯ ದನಿಯಾಗಿರಲಿಲ್ಲ. “ಹೇಳು. ಇರ್ತೀಯಾ, ಹೋಗ್ತೀಯಾ?”

ಗೊಂಬೆ ಮಲಗಿತ್ತು. ಅದಕ್ಕೆ ಬಿಡಿಸಿದ ಕಣ್ಣುಗಳು ತೆರೆದೇ ಇದ್ದವು. ಎಲ್ಲರೂ ಕಾದರು. ಕಾಯುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ವರ್ಷಗಟ್ಟಲೆ ಕಾದಿದ್ದ. ಆದರೆ ಈ ಸಲ ಕಾಯಲಾಗಲಿಲ್ಲ.

“ಇರ್ತೀನಿ,” ಎಂದ.

ಅವಳ ದನಿಯಲ್ಲಿ ಅಂದ. ತನಗೆ ಅವಳ ದನಿ ಅಷ್ಟು ನೆನಪಿದೆ ಎಂದು ಅವನಿಗೇ ಗೊತ್ತಿರಲಿಲ್ಲ. “ಇರ್ತೀನಿ. ನಾನು ಎಲ್ಲಿಗೂ ಹೋಗಲ್ಲ. ಯಾಕೆ ಹೋಗ್ತಿದೀಯ ಅಂತ ಒಂದು ಮಾತು ಕೇಳಿದ್ರೆ ಅವತ್ತೇ ನಾನು...”

ಅಕ್ಕನ ಬೆರಳು ಕೆಂಪು ಕಾರ್ಡಿನ ಮೇಲಿತ್ತು.

ಅವಳು ಕನ್ನಡಕ ತೆಗೆದಿದ್ದಳು. ಕಣ್ಣು ತುಂಬಿತ್ತು. ತಮ್ಮ ಹೀಗೆ ಹೆಂಗಸಿನ ದನಿಯಲ್ಲಿ ಗೋಗರೆಯುವುದನ್ನು ಅವಳಿಂದ ನೋಡಲಾಗಲಿಲ್ಲ ಎಂಬುದು ಯಾರಿಗಾದರೂ ಅರ್ಥವಾಗುವಂತಿತ್ತು. ಆದರೆ ಯಾಕೆ ಎಂದು ಯಾರೂ ಕೇಳುವ ಹಾಗಿರಲಿಲ್ಲ. ಯಾರೂ ಕೇಳಲಿಲ್ಲ. ಆ ಮೇಜಿನಲ್ಲಿ ನಿಯಮ ಅಷ್ಟು ಚೊಕ್ಕವಾಗಿ ಪಾಲನೆಯಾಯಿತು.

ಡಾಕ್ಟರು ಕೆಮ್ಮಿದರು. “ಸರಿ... ನಾವು ಆಚೆ ದಡದಲ್ಲಿದೀವಿ. ಅಲ್ವೇ?”

“ಹೌದು,” ಎಂದ ಯಜಮಾನ. ದನಿ ಅವನದೇ ಆಗಿತ್ತು. “ಆಚೆ ದಡ. ಬೆಳಗಾಗಿದೆ. ಎದುರಿಗೊಂದು ಹಳ್ಳಿ ಕಾಣಿಸ್ತಿದೆ.”

ಸ್ಪ್ಯಾನರ್ ಗಾಡಿಯನ್ನು ಎಳೆದುಕೊಳ್ಳಲು ಕೈ ಚಾಚಿದ.

“ಬೇಡ,” ಎಂದ ಯಜಮಾನ. “ಕಾರ್ಡು ಬಿದ್ದ ಜಾಗ ಅದು.”

ಕೈ ಹಿಂದೆ ಹೋಯಿತು. ಆಮೇಲೆ ಒಂದಿಷ್ಟು ಹೊತ್ತು ಹಳ್ಳಿಯಲ್ಲಿ ಏನೇನೋ ನಡೆಯಿತು. ಕಳ್ಳ ಒಂದು ಕುದುರೆ ಕದ್ದ. ಸನ್ಯಾಸಿ ಒಬ್ಬನ ಹಲ್ಲುನೋವು ವಾಸಿ ಮಾಡಿದ. ಅದಕ್ಕೆ ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು. ಹೊತ್ತು ಮುಳುಗುವ ಮುಂಚೆಯೇ ಆಟ ನಿಲ್ಲಿಸಿ ಕುರ್ಚಿ ಸರಿಸಿದರು.

ಅಕ್ಕ ಮಾತ್ರ ಹಿಂದುಳಿದಳು. ಲೋಟಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು.

“ಅವಳು ನಿನ್ನೆ ನಂಗೆ ಫೋನ್ ಮಾಡಿದ್ಲು ಕಣೋ.”

ಅವನು ದಾಳಗಳನ್ನು ಡಬ್ಬಿಗೆ ತುಂಬುತ್ತಿದ್ದ.

“ಏನಂದ್ಲು ಅಂತ ಕೇಳಲ್ವಾ?”

“ಕಾರ್ಡು ಬಿದ್ದಿದೆ ಅಕ್ಕ. ಹೊರಗೂ ಕೇಳೋ ಹಾಗಿಲ್ಲ.”

“ಕಾರ್ಡು ಹಾಕಿದ್ದು ನಾನು.”

“ಅದಕ್ಕೇ.”

ಅಕ್ಕ ಚಿಲಕದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಳು. ಅವನು ಡಬ್ಬಿಯ ಮುಚ್ಚಳ ಹಾಕದೆ ಕಾದ. ಇನ್ನೊಂದು ಮಾತು ಹೇಳಲಿ, ಬೈಯಲಿ, ಕಪಾಳಕ್ಕೆ ಬಾರಿಸಲಿ. ಅವಳು ಏನನ್ನೂ ಮಾಡಲಿಲ್ಲ. “ಹೊಟ್ಟೆಗೇನಾದ್ರೂ ಹಾಕ್ಕೋ,” ಎಂದು ಹೊರಟುಹೋದಳು. ಮೆಟ್ಟಿಲಿಳಿಯುವ ಸದ್ದು ಕಡಿಮೆಯಾಗುತ್ತ ಹೋಗಿ ನಿಂತಿತು.

ನಕ್ಷೆಯನ್ನು ಮಡಿಸಿಡುವುದು ಈ ಭಾನುವಾರದ ಕೊನೆಯ ಕೆಲಸ; ಕಥೆ ಅದನ್ನು ದಾಟಿ ಆಚೆ ಹೋಗಿತ್ತು. ಮೂಲೆ ಹಿಡಿದ. ಮೂರು ಗೊಂಬೆಗಳನ್ನು ಈ ಸಲ ಅವರವರೇ ಒಯ್ದಿದ್ದರು. ನಡು ಸೇತುವೆಯಲ್ಲಿ ಗಾಡಿ ನಿಂತಿತ್ತು. ಆ ಜಾಗಕ್ಕೆ ಕೈ ಹಾಕುವಂತಿರಲಿಲ್ಲ, ಒಳಗಿದ್ದವಳನ್ನು ಮುಟ್ಟುವಂತಿರಲಿಲ್ಲ. ಅವಳನ್ನು ಎತ್ತದೆ ನಕ್ಷೆ ಮಡಿಯುವಂತಿರಲಿಲ್ಲ. ಮೂಲೆ ಬಿಟ್ಟ. ಕಾಗದ ತನ್ನಷ್ಟಕ್ಕೆ ಹಾಸಿಕೊಂಡಿತು.

ಕೂತ. ಫೋನು ಇನ್ನೂ ಬೋರಲಾಗಿ ಮಲಗಿತ್ತು.

“ಯಾಕೆ?” ಎಂದ ಅವನು ಗಾಡಿಯನ್ನು ನೋಡುತ್ತ, ಜೋರಾಗಿ, ತನ್ನದೇ ದನಿಯಲ್ಲಿ.

ಉತ್ತರ ಅವಳು ಹೇಳಬೇಕಾದದ್ದು. ಅವಳ ಪರವಾಗಿ ಅವನು ಹೇಳುವ ಹಾಗಿರಲಿಲ್ಲ. ಕಾದ. ಕಿಟಕಿಯ ಬೆಳಕು ಮೊದಲು ಕಾಡನ್ನು ಬಿಟ್ಟಿತು, ಆಮೇಲೆ ಕೋಟೆಯನ್ನು, ಆಮೇಲೆ ನದಿಯ ಎರಡೂ ದಡಗಳನ್ನು. ಸೇತುವೆ ಯಾವುದರಿಂದ ಯಾವುದಕ್ಕೆ ಕಟ್ಟಿದ್ದು ಎಂದು ಈಗ ಕಾಣುತ್ತಿರಲಿಲ್ಲ. ಅದರ ನಡುವೆ ಬೆಂಕಿಪೊಟ್ಟಣವೊಂದು ನಿಂತಿತ್ತು. ಅದರೊಳಗೆ ಕಣ್ಣು ತೆರೆದುಕೊಂಡು ಅವಳು ಮಲಗಿದ್ದಳು.